ಅಂಚು ಕಟ್ಟದ ಬುಟ್ಟಿ

ನಮ್ಮೂರಿಗೆ ಹೊಸ ನೆಂಟರು ಬಂದರೆ ಕೈಕಾಲಿಗೆ ನೀರು ಕೊಡುವ ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ: ಇಲ್ಲಿ ವಿನಯ ಮಾಡಬೇಡಿ. ಬೇರೆ ಊರುಗಳಲ್ಲಿ ಎಲೆಗೆ ಹೋಳಿಗೆ ಬಡಿಸುತ್ತಾ, "ಏನೋ ಮಾಡಿದೀನಿ, ಅಷ್ಟೇನೂ ಚೆನ್ನಾಗಿಲ್ಲ" ಅನ್ನುವುದು ದೊಡ್ಡ ಮರ್ಯಾದೆಯಂತೆ. ನಮ್ಮಲ್ಲಿ ಹಾಗೆ ಅಂದರೆ ಹೋಳಿಗೆ ಎಲೆಯ ಮೇಲೇ ಕಣಕ ಬೇರೆ ಹೂರಣ ಬೇರೆಯಾಗಿ ಕೂತುಬಿಡುತ್ತದೆ. ನನ್ನ ತಮ್ಮನ ಹೆಂಡತಿ ಹೊರಗಿನಿಂದ ಬಂದವಳು. ಬಂದ ಹೊಸದರಲ್ಲಿ ಬೀಗರ ಮುಂದೆ ನಾಚಿಕೊಂಡು, "ಪಾಯಸ ಯಾಕೋ ಸರಿಬಂದಿಲ್ಲ" ಅಂದಳು. ನೋಡುನೋಡುತ್ತಿದ್ದಂತೆ ಪಾತ್ರೆಯ ತುಂಬ ಹಾಲು ಒಡೆದು ನೀರಾಯಿತು. ಅವಳು ಅಳುತ್ತಾ ನಿಂತಳು, ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಒಲೆಯ ಮುಂದೆ ನಿಲ್ಲುವಾಗ ಬಾಯಲ್ಲಿ ಒಂದು ಲವಂಗ ಇಟ್ಟುಕೊಳ್ಳುವುದನ್ನು ಹೇಳಿಕೊಟ್ಟೆವು.

ನಮ್ಮೂರಲ್ಲಿ ಕೈಯಿಂದ ಮಾಡಿದ ವಸ್ತು, ಮಾಡಿದವರ ಮಾತನ್ನು ಕೇಳಿಸಿಕೊಳ್ಳುತ್ತದೆ. ಬೇರೆಯವರು ಎಷ್ಟು ಬೈದರೂ ಅದಕ್ಕೆ ಲೆಕ್ಕವಿಲ್ಲ. ನಾನು ಹಪ್ಪಳ ಮಾಡಿ ಬದುಕುವವಳು. ನನ್ನ ಅತ್ತೆ ಸಾಯುವ ತನಕ ನನ್ನ ಹಪ್ಪಳವನ್ನು ಎಮ್ಮೆ ಕಿವಿ ಅಂತ ಬೈದರು, ಒಂದೂ ಸೀಳು ಬಿಡಲಿಲ್ಲ. ನಾನೇ ಒಂದು ಸಲ ಹಾಗೆ ಅಂದುಕೊಂಡಿದ್ದರೆ ಅಂಗಳದ ತುಂಬ ಪುಡಿ ಗುಡಿಸಬೇಕಾಗಿತ್ತು. ಅದಕ್ಕೇ ಇಲ್ಲಿ ಯಾವ ಕೆಲಸ ಮುಗಿದರೂ ಅಕ್ಕಪಕ್ಕದವರೊಬ್ಬರು ಬಂದು, "ಹೆಂಗೈತೆ?" ಅಂತ ಕೇಳಬೇಕು. ಮಾಡಿದವರು, "ನನ್ನ ಕೈಗೆ ಇಷ್ಟು ಬಂತು, ಸಾಕು" ಅನ್ನಬೇಕು. ಅಷ್ಟು ಅಂದರೆ ಗೋಡೆಯಾಗಲಿ, ಕುಬುಸವಾಗಲಿ, ಕುರ್ಚಿಯಾಗಲಿ ಗಟ್ಟಿಯಾಗಿ ನಿಲ್ಲುತ್ತದೆ. "ಸಾಲದು" ಅನ್ನುವ ಮಾತನ್ನು ನಾವು ಮಕ್ಕಳಿಗೆ ಕಲಿಸುವುದೇ ಇಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ, "ಇನ್ನೊಂದು ಚಿಟಿಕೆ ಹಾಕು" ಅನ್ನುತ್ತೇವೆ. ದೊಡ್ಡವರು ಜಗಳದಲ್ಲಿ ಎಂತೆಂಥ ಹೊಲಸು ಮಾತು ಆಡಿದರೂ ಆ ಒಂದು ಮಾತು ಬಾಯಿಗೆ ಬಂದರೆ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಮಕ್ಕಳ ವಿಷಯದಲ್ಲಿ ಮಾತ್ರ ಯಾರಿಗೂ ಖಚಿತ ಗೊತ್ತಿರಲಿಲ್ಲ. ಹೆತ್ತ ಮಗುವೂ ಮಾಡಿದ ವಸ್ತುವೇ ಅಲ್ಲವೇ ಅಂತ ಕೆಲವರು, ಅದು ದೇವರು ಕೊಟ್ಟಿದ್ದು ಅಂತ ಕೆಲವರು. ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗಿತ್ತು? ಹಾಗಾಗಿ ನಮ್ಮೂರಲ್ಲಿ ತಂದೆತಾಯಿ ತಮ್ಮ ಮಕ್ಕಳನ್ನು ಬೈಯುವುದಿಲ್ಲ. ಶಾಲೆಯ ಮೇಷ್ಟ್ರು ಕರೆಸಿ, "ನಿಮ್ಮ ಮಗನಿಗೆ ಮಗ್ಗಿ ಬರಲ್ಲ, ಸ್ವಲ್ಪ ಹೇಳಬಾರದೇ?" ಅಂದರೆ, "ನನ್ನ ಬಾಯಲ್ಲಿ ಹೇಳಿಸಬ್ಯಾಡಿ ಸ್ವಾಮಿ, ನೀವೇ ಬೈಕೊಳ್ಳಿ" ಅಂತ ಕೈಮುಗಿದು ಬರುತ್ತಾರೆ. ಪಕ್ಕದ ಮನೆಯವರು ನಮ್ಮ ಮಕ್ಕಳನ್ನು ಬೈಯುತ್ತಾರೆ, ನಾವು ಅವರವನ್ನು ಬೈಯುತ್ತೇವೆ. ಹಾಗೇ ಬೆಳೆದು ದೊಡ್ಡವರಾಗುತ್ತಾರೆ.

ನನ್ನ ಎದುರುಮನೆಯ ಚಿಕ್ಕತಾಯಿ ಅನ್ನುವವಳ ಕಥೆ ಇದರಿಂದಲೇ ಹುಟ್ಟಿದ್ದು. ಬಿದಿರು ಕೆಲಸದವರ ಮನೆ ಅದು. ಗಂಡ ಬೆಟ್ಟಯ್ಯ ಹೊಳೆಯಾಚೆಯಿಂದ ಬಿದಿರು ಕಡಿದು ತರುತ್ತಿದ್ದ, ಅವಳು ಸೀಳಿ ಹೆಣೆಯುತ್ತಿದ್ದಳು. ಅವಳ ಕೈಕೆಲಸವನ್ನು ನೋಡಬೇಕಿತ್ತು ನೀವು. ಮೊರ, ಬುಟ್ಟಿ, ಕೋಳಿಗೂಡು, ಯಾವುದಾದರೂ ಸರಿ, ಒಂದು ಎಳೆ ಇನ್ನೊಂದರ ಪಕ್ಕ ಕೂತಿದ್ದು ಗೊತ್ತೇ ಆಗದಂತೆ ಕೂರುತ್ತಿತ್ತು. ಆದರೆ ಅವಳ ಬುಟ್ಟಿಗೆ ಅಂಚು ಕಟ್ಟುತ್ತಿದ್ದದ್ದು ಅವಳಲ್ಲ, ಅವಳ ಅತ್ತೆ ಸಿದ್ದಾಜಮ್ಮ. ಅಂಚು ಕಟ್ಟಿದವರದೇ ಬುಟ್ಟಿ ಅಂತ ನಮ್ಮೂರಿನ ಲೆಕ್ಕ. ಮುದುಕಿಯ ಬೆರಳುಗಳು ಸೊಟ್ಟಗಾಗಿದ್ದವು, ಅವಳು ಕಟ್ಟಿದ ಅಂಚೂ ಸೊಟ್ಟ. ಸಂತೆಯಲ್ಲಿ ದೂರದಿಂದಲೇ ಗುರುತು ಸಿಗುತ್ತಿತ್ತು: ಮೈಯೆಲ್ಲ ಅಷ್ಟು ಚೆಂದ, ಅಂಚು ಮಾತ್ರ ಕುಡುಕ ನಡೆದ ದಾರಿ. ಯಾಕೆ ಹೀಗೆ ಅಂತ ಯಾರೂ ಕೇಳುತ್ತಿರಲಿಲ್ಲ. ಸಿದ್ದಾಜಮ್ಮ, "ನನ್ನ ಕೈಗೆ ಇಷ್ಟು ಬಂತು, ಸಾಕು" ಅಂತ ಗಟ್ಟಿಯಾಗಿ ಹೇಳಿ ಬುಟ್ಟಿಯನ್ನು ಬದಿಗಿಡುತ್ತಿದ್ದಳು.

ಕಾರಣ ಬೀದಿಗೆಲ್ಲ ಗೊತ್ತಿತ್ತು. ಚಿಕ್ಕತಾಯಿ ಅಂಚು ಕಟ್ಟಲು ಕೂತರೆ ಕೊನೆಯ ಗಂಟು ಬೀಳುವಷ್ಟರಲ್ಲಿ, ಯಾರೂ ಬಂದು ಕೇಳುವ ಮೊದಲೇ, "ಹಾಳು ಕೈ" ಅಂತ ಗೊಣಗಿಬಿಡುತ್ತಿದ್ದಳು. ಅಷ್ಟೇ, ಪಟಪಟ ಅಂತ ಎಳೆಗಳು ಎದ್ದು ದಿನವೆಲ್ಲ ಹೆಣೆದದ್ದು ಮಡಿಲಲ್ಲಿ ಬಿಚ್ಚಿಕೊಂಡು ಬೀಳುತ್ತಿತ್ತು. ಬಾಯಲ್ಲಿ ಲವಂಗ ಇಟ್ಟು ನೋಡಿದರು. ಲವಂಗ ಅಗಿದು ನುಂಗಿ ಗೊಣಗಿದಳು. ಬಾಯಿಗೆ ಬಟ್ಟೆ ಕಟ್ಟಿದರು, ಬಟ್ಟೆಯೊಳಗೇ ಅಂದಳು. ಒಂದು ಸಲ ನಾನು ರೇಗಿ, "ಬೇಕು ಅಂತಲೇ ಅಂತೀಯ ಕಣೆ ನೀನು" ಅಂದೆ. ಅವಳು, "ಬಿಚ್ಕೊಂಡ್ಮೇಲೆ ಒಂದ್ ಥರಾ ನಿರಾಳ ಆಯ್ತದೆ ರಾಜಕ್ಕ" ಅಂದಳು. ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು.

ತಮಾಷೆಯೆಂದರೆ, ಬೇರೆಯವರ ಕೆಲಸ ಮುಗಿದಾಗ "ಹೆಂಗೈತೆ" ಅಂತ ಕೇಳಲು ಇಡೀ ಊರು ಹುಡುಕಿಕೊಂಡು ಬರುತ್ತಿದ್ದದ್ದು ಇವಳನ್ನೇ. ಹೊಸ ಸೊಸೆ ಮೊದಲ ಸಲ ರೊಟ್ಟಿ ತಟ್ಟಿ ನಡುಗುತ್ತಾ ನಿಂತರೆ ಚಿಕ್ಕತಾಯಿಗೆ ಕರೆ ಹೋಗುತ್ತಿತ್ತು. ಅವಳು ಬಂದವಳೇ ರೊಟ್ಟಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆ ಹುಡುಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳ ಅಂಗೈಯನ್ನು ಮೇಲೆ ಮಾಡಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದಳು. "ಮೊದ್ಲು ಕೈ, ಆಮೇಲೆ ಕೆಲ್ಸ" ಅನ್ನುವುದು ಅವಳ ಮಾತು. "ಅಯ್ಯೋ ಪಾಪ, ಇಲ್ಲಿ ಸುಟ್ಕೊಂಡಿದೀಯಲ್ಲ ಮಗಾ. ಇಷ್ಟು ಸಣ್ಣ ಕೈ, ಎಷ್ಟ್ ದುಡಿದೈತೆ" ಅನ್ನುತ್ತಿದ್ದಳು. ಅಷ್ಟಕ್ಕೇ ಆ ಹುಡುಗಿಯ ಕಣ್ಣಲ್ಲಿ ನೀರು. ಆಮೇಲೆ ಮೆತ್ತಗೆ, "ಹೆಂಗೈತೆ?" ಅಂತ ಕೇಳಿದರೆ, "ಸಾಕು" ಅನ್ನುವ ಮಾತು ತಾನಾಗಿ ಬರುತ್ತಿತ್ತು. ಗಾರೆಯವನು, ದರ್ಜಿ, ಮೀಸೆ ತಿರುವುವ ಬಡಗಿ, ಎಲ್ಲರೂ ಒಂದಲ್ಲ ಒಂದು ಸಲ ಅವಳ ತೊಡೆಯ ಮೇಲೆ ಕೈಯಿಟ್ಟು ಅತ್ತವರೇ. ಅಷ್ಟು ಕರುಣೆ ಇಟ್ಟುಕೊಂಡ ಹೆಂಗಸು ತನ್ನ ಪಾಲಿಗೆ ಒಂದು ತೊಟ್ಟನ್ನೂ ಉಳಿಸಿಕೊಂಡಿರಲಿಲ್ಲ.

ಮೊದಲಿನಿಂದ ಹಾಗಿರಲಿಲ್ಲ. ಅವಳಿಗೊಂದು ಹೆಣ್ಣು ಮಗುವಿತ್ತು, ಚೆಲುವಿ ಅಂತ. ಇನ್ನೂ ಅಂಬೆಗಾಲಿಡುವ ಕೂಸು. ಹುಟ್ಟಿದಾಗಿನಿಂದ ಸೊರಗಿಕೊಂಡೇ ಇತ್ತು, ಹಾಲು ದಕ್ಕುತ್ತಿರಲಿಲ್ಲ. ಒಂದು ದಿನ ಕುಡಿಸಿದ್ದನ್ನೆಲ್ಲ ಕಕ್ಕಿ ಮಗು ಅಳುತ್ತಿತ್ತು. ಇವಳು ನಿದ್ದೆಗೆಟ್ಟು ಸೋತು ಹೋಗಿದ್ದಳು. ಬಾಗಿಲಲ್ಲಿ ಕೂತು ಬೀದಿಗೆ ಕೇಳುವಂತೆ, "ಒಂದು ಮಗೂನೂ ನೆಟ್ಟಗೆ ಮಾಡಾಕೆ ಬರ್ಲಿಲ್ವಲ್ಲಪ್ಪ ನನ್ ಹಾಳು ಮೈಗೆ" ಅಂದುಬಿಟ್ಟಳು. ಕಾಳು ಆರಿಸುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಅವಳೂ ಬಾಯಿ ಮುಚ್ಚಿಕೊಂಡಳು. ಆ ವಾರವೇ ಜ್ವರ ಬಂದು ಮಗು ತೀರಿಕೊಂಡಿತು.

ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಅನ್ನದೇ ಇದ್ದದ್ದೇ ಕೆಟ್ಟದಾಯಿತು ಅಂತ ಈಗ ಅನಿಸುತ್ತದೆ. "ನಿನ್ನಿಂದಲ್ಲ" ಅಂತ ಹೇಳೋಣವೆಂದರೆ ನಮಗೂ ಒಳಗೊಳಗೇ ಸಂಶಯ. ಹೊಳೆ ದಡದ ಹೊಂಗೆ ಮರದಡಿ ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಅವಳು ಚೆಲುವಿಯ ಹೆಸರೆತ್ತಲಿಲ್ಲ. ಬೆಟ್ಟಯ್ಯನೂ ಎತ್ತಲಿಲ್ಲ. ಮೊದಲೇ ಮಾತು ಕಡಿಮೆಯ ಗಂಡಸು, ಬಿದಿರಿನ ಜೊತೆಯೇ ಬದುಕತೊಡಗಿದ. ಮತ್ತೊಂದು ಮಗುವಿನ ಮಾತೆತ್ತಿದರೆ ಅವಳು ಎದ್ದು ಹೋಗುತ್ತಿದ್ದಳು. ಅಂಚು ಕಟ್ಟುವುದು ಬಿಟ್ಟು ವರ್ಷಗಳೇ ಕಳೆದವು, ನಾವು ಅದಕ್ಕೂ ಒಗ್ಗಿಹೋದೆವು.

ಹೋದ ವರ್ಷ ಚಳಿಗಾಲಕ್ಕೆ ಸಿದ್ದಾಜಮ್ಮನ ಕಾಲು ಊದಿಕೊಂಡಿತು. ಆಮೇಲೆ ಹೊಟ್ಟೆ. ಪಂಡಿತರು ನೋಡಿ ಹೋದರು. ಔಷಧಿಗಿಂತ ಹೆಚ್ಚಾಗಿ, ತಿನ್ನಬೇಕು ಅನ್ನಿಸಿದ್ದನ್ನು ಕೊಡಿ ಅಂದರು. ಮುದುಕಿಗೆ ಅರ್ಥವಾಯಿತು. ಒಂದು ಮಧ್ಯಾಹ್ನ ನಾನು ನಮ್ಮ ಜಗಲಿಯಲ್ಲಿ ಹಪ್ಪಳ ಹರವುತ್ತಿದ್ದೆ. ಎದುರು ಬಿಸಿಲಲ್ಲಿ ಸಿದ್ದಾಜಮ್ಮ ಗೋಡೆಗೆ ಒರಗಿ ಕೂತಿದ್ದಳು, ಚಿಕ್ಕತಾಯಿ ಬಿದಿರು ಸೀಳುತ್ತಿದ್ದಳು.

"ಚಿಕ್ಕೀ, ನನ್ನ ಚಟ್ಟ ನೀನೇ ಕಟ್ಬೇಕು ಕಣೆ" ಅಂದಳು ಮುದುಕಿ.

ನಾನು ನಕ್ಕೆ. "ಬೇರೆ ಊರಲ್ಲಿ ಸೊಸೆಗೆ ಈ ಮಾತಂದ್ರೆ ಪೊರಕೆ ತಗೋತಾಳೆ, ಸಿದ್ದಾಜಮ್ಮ" ಅಂದೆ.

"ನಗ್ಬ್ಯಾಡ ರಾಜೀ. ನಾನು ಇವಳ ಕೈಮೇಲೇ ಹೋಗೋದು."

ಚಿಕ್ಕತಾಯಿಯ ಮಚ್ಚು ನಿಂತಿತು. ನಮ್ಮೂರಲ್ಲಿ ಚಟ್ಟಕ್ಕೆ ಬೇರೆಯೇ ಕಟ್ಟುಪಾಡು. ಮೊದಲ ಗಂಟಿನಿಂದ ಕೊನೆಯ ಗಂಟಿನ ತನಕ ಒಂದೇ ಕೈಯದಾಗಿರಬೇಕು, ಅಂಚನ್ನು ಇನ್ನೊಬ್ಬರು ಕಟ್ಟುವ ಹಾಗಿಲ್ಲ. ಕಟ್ಟಿದವರು ಹೆಣದ ಹಿಂದೆಯೇ ನಡೆಯಬೇಕು. ಗಾಣದ ಈರಯ್ಯನ ಚಟ್ಟ ಕಟ್ಟಿದ ತಮ್ಮ, ದಾರಿಯಲ್ಲಿ, "ಅಣ್ಣನಿಗೆ ತಕ್ಕಂಗೆ ಮಾಡ್ಲಿಲ್ಲ" ಅಂತ ಅತ್ತನಂತೆ. ನಡುಬೀದಿಯಲ್ಲಿ ಹೆಣ ನೆಲಕ್ಕೆ ಬಿತ್ತು. ಇವತ್ತಿಗೂ ಆ ಮನೆಗೆ ಹೆಣ್ಣು ಕೊಡುವವರು ಆ ಮಾತು ಎತ್ತುತ್ತಾರೆ.

"ನಿಮ್ಮನ್ನ ಬೀದೀಲಿ ಬೀಳಿಸ್ಲಾ ಅತ್ತೆ? ಪಕ್ಕದ ಬೀದಿ ಮಾದಣ್ಣ ಕಟ್ಟಲಿ" ಅಂದಳು ಚಿಕ್ಕತಾಯಿ.

"ಮಾದ ಅಲ್ಲ, ನೀನು."

"ನನ್ ಬಾಯಿ ಆ ಕೂಸಿಗೆ ಏನ್ ಮಾಡ್ತು ಅಂತ ಗೊತ್ತಿದ್ದೂ ಕೇಳ್ತೀರಲ್ಲ."

ಮುದುಕಿ ಸೆರಗಿನ ತುದಿಯನ್ನು ಮಡಿಸಿದಳು, ಬಿಚ್ಚಿದಳು. ಆಮೇಲೆ ನನ್ನ ಕಡೆಗೂ ನೋಡದೆ, ಸೊಸೆಯ ಕಡೆಗೂ ನೋಡದೆ ಹೇಳಿದಳು: "ನಿನ್ ಗಂಡ ಹುಟ್ಟಿದಾಗ ನಾನೂ ಅಂದಿದ್ದೆ. ಮೂರು ದಿನ ನೋವು ತಿಂದು ಹೆತ್ತಿದ್ದೆ. ಸೂಲಗಿತ್ತಿ ತಂದು ತೋರಿಸಿದ್ರೆ ಕರ್ರಗೆ, ತಲೆ ಉದ್ದ, ಕೋತಿ ಮರಿ ಕಣೆ. ಇಂಥದನ್ನ ಹೆತ್ನಲ್ಲ, ಇದ್ರೆಷ್ಟು ಹೋದ್ರೆಷ್ಟು ಅಂದೆ. ಬಾಯ್ಬಿಟ್ಟು ಅಂದೆ. ಏನಾಯ್ತು ಅವನಿಗೆ? ಎತ್ತಿನಂಗೆ ಓಡಾಡ್ಕೊಂಡವ್ನೆ. ಮಗು ನೀನು ಹೆಣೆದ ಬುಟ್ಟಿ ಅಲ್ಲ ಕಣೆ ಚಿಕ್ಕೀ. ಅದಕ್ಕೆ ನಮ್ ಮಾತು ಕೇಳ್ಸಲ್ಲ."

ನನ್ನ ಕೈಯಲ್ಲಿದ್ದ ಹಪ್ಪಳ ಹಾಗೇ ಉಳಿಯಿತು. ಚಿಕ್ಕತಾಯಿಯ ಮುಖದಲ್ಲಿ ಸಮಾಧಾನ ಕಾಣುತ್ತದೆ ಅಂದುಕೊಂಡು ನೋಡಿದರೆ ಅಲ್ಲಿ ಇದ್ದದ್ದು ಸಿಟ್ಟು. ಅಂಥ ಸಿಟ್ಟನ್ನು ನಾನು ಅವಳಲ್ಲಿ ಕಂಡೇ ಇರಲಿಲ್ಲ.

"ಇಷ್ಟು ವರ್ಷ ಎಲ್ಲಿಟ್ಟಿದ್ರಿ ಈ ಮಾತ್ನ?"

"ನಾಚ್ಕೆ ಕಣೆ" ಅಂದಳು ಮುದುಕಿ. "ಹೆತ್ತೋಳು ಅಂಗಂದ್ಲಂತೆ ಅಂತ ಊರು ಏನಂದಾತು ಅಂತ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಇದ್ದೆ. ನಿನ್ ಬುಟ್ಟಿಗೆಲ್ಲ ಅಂಚು ಕಟ್ಟಿದ್ನಲ್ಲ, ಅದ್ರಲ್ಲಿ ತೀರ್ತು ಅಂದ್ಕೊಂಡೆ."

"ಅವ್ರು ಗಟ್ಟಿಮುಟ್ಟಾಗಿ ಹುಟ್ಟಿದೋರು, ತಡ್ಕೊಂಡ್ರು. ನನ್ ಮಗು ಹಾಲೂ ದಕ್ಕದ ಕೂಸು. ಎರಡೂ ಒಂದೇನಾ?" ಅಂದಳು ಚಿಕ್ಕತಾಯಿ. ಅವಳು ಮಚ್ಚನ್ನು ನೆಲಕ್ಕೆ ಬಿಸಾಕಿ ಒಳಗೆ ಹೋದಳು.

ಆಮೇಲೆ ಅತ್ತೆಯ ಜೊತೆ ಮಾತು ಬಿಟ್ಟಳು. ಗಂಜಿ ಕುಡಿಸುತ್ತಿದ್ದಳು, ಮೈ ಒರೆಸುತ್ತಿದ್ದಳು, ಮಗ್ಗುಲು ಬದಲಿಸುತ್ತಿದ್ದಳು, ಮಾತು ಮಾತ್ರ ಇಲ್ಲ. ಮುದುಕಿಯೂ ಮತ್ತೆ ಚಟ್ಟದ ಮಾತೆತ್ತಲಿಲ್ಲ. ಕೊನೆಗೊಂದು ದಿನ ಗಂಜಿ ಕುಡಿಸುವಾಗ ಸಿದ್ದಾಜಮ್ಮ ಸೊಸೆಯ ಬೆರಳು ಹಿಡಿದುಕೊಂಡು, "ಚೆಲುವಿ ಮೂಗು ನನ್ನ ಮೂಗೇ ಅಲ್ವೇನೆ?" ಅಂದಳಂತೆ. ಇವಳು, "ಹೂಂ ಅತ್ತೆ" ಅಂದಳಂತೆ. ಅಷ್ಟೇ ಮಾತು. ಮಾರನೆಯ ದಿನ ಹೊತ್ತು ಹುಟ್ಟುವಾಗ ಮುದುಕಿ ಹೋಗಿಬಿಟ್ಟಳು.

ನಾವೆಲ್ಲ ಹೋಗುವಷ್ಟರಲ್ಲಿ ಬೆಟ್ಟಯ್ಯ ಬಿದಿರ ಗಳ ತಂದು ಅಂಗಳದಲ್ಲಿ ಹಾಕಿ ಯಾರನ್ನು ಕರೆಯಲಿ ಅಂತ ಗೊತ್ತಾಗದೆ ನಿಂತಿದ್ದ. ಚಿಕ್ಕತಾಯಿ ಒಳಗಿನಿಂದ ಬಂದಳು, ಸೆರಗು ಸಿಕ್ಕಿಸಿದಳು, ಮಚ್ಚು ಎತ್ತಿಕೊಂಡಳು. ಎರಡು ಗಳ ಉದ್ದಕ್ಕೆ ಇಟ್ಟಳು, ಅಡ್ಡಕ್ಕೆ ಸೀಳಿದ ಬಿದಿರ ದೆಬ್ಬೆ ಹಾಕಿ ಬಿಗಿದಳು, ಮೇಲೆ ಚಾಪೆಯ ಹಾಗೆ ಹೆಣೆಯತೊಡಗಿದಳು. ಮುದುಕಿಗೆ ಬೆನ್ನು ಒತ್ತಬಾರದು ಅಂತ ಒಂದೊಂದು ಎಳೆಯ ಗೆಣ್ಣನ್ನೂ ಕೆರೆದು ನುಣುಪು ಮಾಡುತ್ತಿದ್ದಳು. ಸತ್ತವಳಿಗೆ ಒತ್ತುತ್ತದೆಯೇ ಅಂತ ಯಾರಾದರೂ ಕೇಳಬಹುದಿತ್ತು, ಕೇಳಲಿಲ್ಲ. ಬಿಸಿಲು ಏರಿತು. ಕೊನೆಯ ಗಂಟು ಬಿತ್ತು.

ಈಗ ಯಾರಾದರೂ ಬಂದು ಕೇಳಬೇಕು. ಅಭ್ಯಾಸಬಲದಿಂದ ಎಲ್ಲರೂ ನೋಡಿದ್ದು ಚಿಕ್ಕತಾಯಿಯ ಮುಖವನ್ನೇ. ಆಮೇಲೆ ಯಾರೋ ನನ್ನನ್ನು ಹಿಂದಿನಿಂದ ತಳ್ಳಿದರು. ನಾನು ಒರಟು ಹೆಂಗಸು, ಈ ಕೆಲಸ ನನಗೆ ಬರುವುದಿಲ್ಲ. ಹೋಗಿ ನಿಂತವಳೇ, "ಹೆಂಗೈತೆ ಚಿಕ್ಕೀ?" ಅಂದೆ. ನನ್ನ ದನಿ ನನಗೇ ಜಗಳದ ದನಿಯ ಹಾಗೆ ಕೇಳಿಸಿತು.

ಅವಳು ಚಟ್ಟವನ್ನು ನೋಡಿದಳು. ತುಟಿ ಅದುರಿತು. ಆ ತುಟಿ ಯಾವ ಮಾತಿಗೆ ತೆರೆಯುತ್ತಿದೆ ಅಂತ ನನಗೆ ಗೊತ್ತಾಯಿತು. "ಹಾ" ಅನ್ನುವಷ್ಟು ಉಸಿರು ಹೊರಗೆ ಬಂದೇಬಿಟ್ಟಿತು. ತಲೆಯ ಕಡೆಯ ಒಂದು ಎಳೆ ಕಿರ್ರೆಂದು ಎದ್ದು ನಿಂತಿತು. ಹಿಂದೆ ಹೆಂಗಸರು ಅಯ್ಯೋ ಅಂದರು. ನನಗೆ ದಿಕ್ಕು ತೋಚಲಿಲ್ಲ. ಅವಳು ಬೇರೆಯವರಿಗೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದೆ. ಪಕ್ಕದಲ್ಲಿ ಧಪ್ಪನೆ ಕೂತು, ಅವಳ ಕೈ ಎಳೆದುಕೊಂಡು, ಅಂಗೈ ಮೇಲೆ ಮಾಡಿ ನನ್ನ ತೊಡೆಯ ಮೇಲಿಟ್ಟೆ. "ಮೊದ್ಲು ಕೈ ನೋಡೆ. ಆಮೇಲೆ ಕೆಲ್ಸ" ಅಂದೆ.

ಅವಳು ನೋಡಿದಳು. ಬಿದಿರಿನ ಸಿಬಿರು ಚುಚ್ಚಿ ಬೆರಳುಗಳಿಂದ ರಕ್ತ ಒಸರುತ್ತಿತ್ತು. ಅದರಡಿಯಲ್ಲಿ ಹಳೆಯ ಗಾಯಗಳು, ಅವುಗಳಡಿ ಇನ್ನೂ ಹಳೆಯವು. ಹೆಬ್ಬೆರಳಿನ ಬುಡ ದನದ ಗೊರಸಿನ ಹಾಗೆ ಗಟ್ಟಿಯಾಗಿತ್ತು. ಊರಿನವರ ಕೈಯನ್ನೆಲ್ಲ ನೋಡಿದ ಹೆಂಗಸು ತನ್ನ ಕೈಯನ್ನು ನೋಡಿಕೊಂಡಿರಲೇ ಇಲ್ಲ ಅಂತ ಕಾಣುತ್ತದೆ. ಬಹಳ ಹೊತ್ತು ನೋಡಿದಳು. ಇನ್ನೊಂದು ಕೈಯಿಂದ ಅದನ್ನು ಸವರಿದಳು.

"ಪಾಪ" ಅಂದಳು. "ಎಷ್ಟ್ ಕುಯ್ಕೊಂಡೈತೆ ನೋಡು ರಾಜಕ್ಕ."

"ಹೂಂ ಕಣೆ."

"ಈ ಕೈಯೇ ಅಲ್ವಾ ಅವಳನ್ನ ಎತ್ಕೊಂಡಿದ್ದು. ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿದ್ದೂ ಈ ಕೈಯೇ. ಕೆಳಗಿಳಿಸ್ಲೇ ಇಲ್ಲ ನಾನು ಅವಳ್ನ." ಅವಳು ಜೋರಾಗಿ ಅಳಲಿಲ್ಲ. ಕಣ್ಣೀರು ಮೂಗಿನ ಪಕ್ಕ ಇಳಿದು ಗಲ್ಲದಿಂದ ತೊಟ್ಟಿಕ್ಕಿತು, ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಚಟ್ಟದ ಕಡೆ ತಿರುಗಿ, ಸುತ್ತ ನಿಂತವರಿಗೆ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆತ್ತಗೆ ಹೇಳಿದಳು: "ನನ್ನ ಕೈಗೆ ಇಷ್ಟು ಬಂತು, ಅತ್ತೆ. ಸಾಕು."

ಎದ್ದಿದ್ದ ಎಳೆ ಎದ್ದೇ ಇತ್ತು. ಉಳಿದದ್ದೊಂದೂ ಅಲುಗಲಿಲ್ಲ.

ಸಿದ್ದಾಜಮ್ಮನನ್ನು ಮಲಗಿಸಿ ಹೊತ್ತರು. ಚಿಕ್ಕತಾಯಿ ಹಿಂದೆ ನಡೆದಳು, ಅವಳ ಪಕ್ಕ ನಾನು. ಆ ಎದ್ದ ಎಳೆ ಮುದುಕಿಯ ತಲೆಯ ಹತ್ತಿರ ಹೆಜ್ಜೆಹೆಜ್ಜೆಗೂ ತೂಗುತ್ತಿತ್ತು. ಇಳಿಜಾರಿನಲ್ಲಿ ಹೊತ್ತವರು ಜಾರಿದರು, ಗಳ ಕಿರುಗುಟ್ಟಿತು, ಚಿಕ್ಕತಾಯಿ ನನ್ನ ರಟ್ಟೆ ಹಿಡಿದು ಉಗುರು ನೆಟ್ಟಳು. ಬಾಯಿ ಮಾತ್ರ ಬಿಡಲಿಲ್ಲ. ಹೊಳೆ ದಡದ ತನಕ ಚಟ್ಟ ಮುದುಕಿಯನ್ನು ನೆಟ್ಟಗೆ ತಲುಪಿಸಿತು.

ಅಂದಿನಿಂದ ಅವಳ ಕೆಲಸವೆಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಈಗ ಬುಟ್ಟಿಗೆ ತಾನೇ ಅಂಚು ಕಟ್ಟುತ್ತಾಳೆ. ಕೆಲವು ನಿಲ್ಲುತ್ತವೆ, ಕೆಲವು ಬಿಚ್ಚಿಕೊಳ್ಳುತ್ತವೆ. ಬಿಚ್ಚಿಕೊಂಡ ದಿನ ನಮ್ಮ ಜಗಲಿಗೆ ಬಂದು ಅಂಗೈ ಚಾಚಿ ಕೂರುತ್ತಾಳೆ. ನಾನು ಎಣ್ಣೆ ಹಚ್ಚುತ್ತೇನೆ, ಬಾಯಿಗೆ ಬಂದಂತೆ ಬೈಯುತ್ತೇನೆ. ನಾನು ಬೈದರೆ ಏನೂ ಆಗುವುದಿಲ್ಲವಲ್ಲ. ಆದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಆ ದಿನ ಮಣ್ಣು ಮುಗಿಸಿ ಹಿಂದಿರುಗುವಾಗ ನಡೆದದ್ದು.

ಎಲ್ಲರೂ ಹೊಳೆಯಲ್ಲಿ ಕಾಲು ತೊಳೆದು ದಿಬ್ಬ ಹತ್ತುತ್ತಿದ್ದೆವು. ಚಿಕ್ಕತಾಯಿ ಗುಂಪಿನಿಂದ ಬಿಟ್ಟುಕೊಂಡು ಹೊಂಗೆ ಮರದ ಕಡೆ ನಡೆದಳು. ಮಗುವನ್ನು ಮಲಗಿಸಿದ ಮೇಲೆ ಅವಳು ಅತ್ತ ಹೆಜ್ಜೆ ಇಟ್ಟದ್ದೇ ಇಲ್ಲ. ಅಲ್ಲಿ ಗುರುತಿಗೆ ಒಂದು ಕಲ್ಲೂ ಇರಲಿಲ್ಲ, ಉದುರಿದ ಹೂವು ಅಷ್ಟೇ. ಅವಳು ಕುಕ್ಕರಗಾಲಲ್ಲಿ ಕೂತು ಹೂವು ಸರಿಸಿ, ಗಾಯದ ಅಂಗೈಯನ್ನು ಮಣ್ಣಿನ ಮೇಲಿಟ್ಟಳು. ಹೊಸದಾಗಿ ಕೆಲಸ ಮುಗಿಸಿದವರ ಪಕ್ಕ ಕೂರುತ್ತಿದ್ದ ಹಾಗೆಯೇ ಕೂತಿದ್ದಳು. ಎಲ್ಲ ಕೆಲಸಕ್ಕೂ ಹೇಳುವ ಆ ಮಾತನ್ನೇ ಇಲ್ಲಿಯೂ ಹೇಳುತ್ತಾಳೆ ಅಂತ ನಾನು ಕಾದೆ.

"ನನ್ನ ಕೈಗೆ ಇಷ್ಟೇ ಬಂತು ಕಣೆ ಚೆಲುವೀ" ಅಂದಳು. ಆಮೇಲೆ ತಲೆಯೆತ್ತಿ, ಹೊಳೆಯಾಚೆಗೂ ಕೇಳುವ ಹಾಗೆ ಕೂಗಿದಳು: "ಸಾಲ್ದು! ಸಾಲ್ದು ಕಣೆ ನಂಗೆ!"

ದಿಬ್ಬದ ಮೇಲಿದ್ದ ಜನ ಬೆಚ್ಚಿಬಿದ್ದರು. ಹೆಂಗಸರು ತಮ್ಮ ಕುಬುಸದ ಹೊಲಿಗೆ ಹಿಡಿದುಕೊಂಡರು, ಬಡಗಿ ತನ್ನ ಚಪ್ಪಲಿ ನೋಡಿಕೊಂಡ. ನಾನು ಕಣ್ಣು ಮುಚ್ಚಿದೆ. ಎಲ್ಲಿಂದಲೂ ಏನೂ ಬಿಚ್ಚಿಕೊಂಡ ಸದ್ದು ಬರಲಿಲ್ಲ. ಹೊಂಗೆ ಹಾಗೇ ಇತ್ತು, ಮಣ್ಣು ಹಾಗೇ ಇತ್ತು, ಅವಳೂ ಇದ್ದಳು.

ಬೆಟ್ಟಯ್ಯ ಇಳಿದು ಹೋಗಿ ಅವಳ ಪಕ್ಕ ಕೂತ. ಅಷ್ಟು ವರ್ಷ ಆ ಹೆಸರನ್ನು ಬಾಯೊಳಗೇ ಬಚ್ಚಿಟ್ಟುಕೊಂಡು ಓಡಾಡಿದ್ದ ಮನುಷ್ಯ, ಅವಳ ಕೈಯ ಪಕ್ಕ ತನ್ನ ಕೈಯನ್ನೂ ಮಣ್ಣಿನ ಮೇಲಿಟ್ಟ.

"ಹೂಂ ಚಿಕ್ಕಿ" ಅಂದ. "ಸಾಲ್ದು. ಚೆಲುವಿ ಇದ್ದಷ್ಟು ದಿನ ಸಾಲ್ಲಿಲ್ಲ ನಮ್ಗೆ."